ತೀರ್ಥಪ್ಪಣ್ಣ ಮತ್ತು ಬುಧವಾರದ ಖಾಲಿ ಜಾಗ

ತೀರ್ಥಪ್ಪಣ್ಣ ಲ್ಯಾಪ್‌ಟಾಪ್ ತೆರೆಯುವ ಮುಂಚೆ ಅದರ ಮುಚ್ಚಳವನ್ನು ಬಲಗೈಯ ಹಿಂಬದಿಯಿಂದ ಒಮ್ಮೆ ಸವರುತ್ತಿದ್ದರು. ಅಂಗೈಯಿಂದಲ್ಲ, ಹಿಂಬದಿಯಿಂದ. ಮೊದಲ ಸಲ ನೋಡಿದಾಗ ಅದೊಂದು ಬಗೆಯ ಭಕ್ತಿ ಅಂದುಕೊಂಡು, "ಒಳಗೆ ದೇವರಿದ್ದಾನಾ?" ಎಂದು ಕೆಣಕಿದ್ದೆ.

"ದೇವ್ರಲ್ಲ ಮಾರಾಯ್ತಿ, ಕರೆಂಟು. ಇದ್ರೂ ಇರಬಹುದು," ಅಂದರು.

ಇಪ್ಪತ್ತಾರು ವರ್ಷ ಲೈನ್‌ಮನ್ ಆಗಿದ್ದವರು. ಅಂಗೈಯಿಂದ ಮುಟ್ಟಿದ ತಂತಿಯಲ್ಲಿ ಕರೆಂಟಿದ್ದರೆ ಬೆರಳುಗಳು ಮಡಚಿಕೊಂಡು ಅದನ್ನೇ ಬಿಗಿಯಾಗಿ ಹಿಡಿದುಬಿಡುತ್ತವಂತೆ. ಹಿಂಬದಿಯಿಂದ ತಾಗಿದರೆ ಕೈ ತಾನಾಗಿ ದೂರ ಹಾರುತ್ತದಂತೆ. ಪುಸ್ತಕದಲ್ಲಿ ಬರೆಯದ, ಯಾವ ಅಧಿಕಾರಿಯೂ ಒಪ್ಪದ ಅಭ್ಯಾಸ. ಲೈನ್ ಬಿಟ್ಟು ವರ್ಷಗಳಾದರೂ ಅದು ಅವರನ್ನು ಬಿಟ್ಟಿರಲಿಲ್ಲ. ಬಾಗಿಲ ಚಿಲಕ, ಟೀ ಲೋಟ, ಲ್ಯಾಪ್‌ಟಾಪ್, ಎಲ್ಲವೂ ಅವರಿಗೆ ಮೊದಲು ಅನುಮಾನದ ವಸ್ತುಗಳು. ಅನುಮಾನ ನನ್ನ ಕಸುಬು ಕೂಡ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಎದುರಾಳಿಗಳ ಮಾತನ್ನು ಬಿಡಿಸಿ ಬಿಡಿಸಿ ಕೆಳಗಿಟ್ಟವಳು ನಾನು. ಹಾಗಾಗಿ ನಮ್ಮಿಬ್ಬರದು ಒಂದೇ ಜಾತಿ ಅಂದುಕೊಂಡಿದ್ದೆ. ಅವರ ಅನುಮಾನಕ್ಕೂ ನನ್ನದಕ್ಕೂ ಇದ್ದ ವ್ಯತ್ಯಾಸ ತಿಳಿಯುವಾಗ ತಡವಾಗಿತ್ತು.

ನಾನು ಅವರಲ್ಲಿಗೆ ಮೊದಲು ಹೋದದ್ದೇ ಜಗಳಕ್ಕೆ. 'ನಾಲ್ಮಂದಿ' ಎಂಬ ಸುದ್ದಿತಾಣ ಆಗ ನಮ್ಮ ಕಡೆ ಎಲ್ಲರ ಫೋನಿನಲ್ಲಿತ್ತು. ಯಾರು ಬೇಕಾದರೂ ಒಂದು ಸುದ್ದಿ ತಂದು ಹಾಕಬಹುದು. ಓದಿದವರು ಅದನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತಾರೆ. ತಳ್ಳಿದಷ್ಟೂ ಏರುತ್ತದೆ, ಇಲ್ಲವೇ ಮುಳುಗುತ್ತದೆ. ನಿಜವಾದ ಹೆಸರು ಹೇಳಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರಕ್ಕೂ ಸೇರಿ ಅದರಲ್ಲಿ ಒಂದು ವಿಭಾಗವಿತ್ತು. ತಾಣ ನಡೆಸುವವರು ಎಲ್ಲೋ ದೂರದವರು. ಹೊರಗಿನವರೂ ತಮ್ಮ ಉಪಕರಣಗಳನ್ನು, ಅಂದರೆ ಪುಟ್ಟ ಪ್ರೋಗ್ರಾಂಗಳನ್ನು ಮಾಡಿ ಜೋಡಿಸಲಿ ಎಂದು, ಯಾವ ಖಾತೆ ಯಾವ ಹೊತ್ತಿಗೆ ಏನು ಬರೆಯಿತು ಎಂಬ ದತ್ತಾಂಶವನ್ನೆಲ್ಲ ತೆರೆದಿಟ್ಟಿದ್ದರು. ತೀರ್ಥಪ್ಪಣ್ಣ ಅಂಥ ಹೊರಗಿನವರಲ್ಲಿ ಒಬ್ಬರು. ಅವರ 'ಹಳೇದು' ಎಂಬ ಉಪಕರಣವನ್ನು ಹಾಕಿಕೊಂಡರೆ, ಹಿಂದೆಂದೋ ಬಂದು ಹೋದ ಚಿತ್ರ ಹೊಸ ಸುದ್ದಿಯಾಗಿ ಬಂದಾಗ ಪಕ್ಕದಲ್ಲಿ ಒಂದು ಕೆಂಪು ಚುಕ್ಕಿ ಬೀಳುತ್ತಿತ್ತು. ನಾನು ಹಾಕಿದ ಭಾಷಣದ ವಿಡಿಯೊದೊಳಗಿನ ಒಂದು ಚಿತ್ರಕ್ಕೆ ಆ ಚುಕ್ಕಿ ಬಿತ್ತು. ಉಪಕರಣದ ಪುಟದಲ್ಲಿ ಹೆಸರು, ಊರು ಎರಡೂ ಇದ್ದವು. ಕೆಳದಿ ರಸ್ತೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಕೋಣೆ. ಹತ್ತಿ ಹೋದೆ.

ಅರ್ಧ ಗಂಟೆ ವಾದಿಸಿದೆ. ಅವರು ಕೇಳಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ ಒಂದು ಗೆರೆ ತೋರಿಸಿದರು.

"ಚಿತ್ರದ ವಿಷ್ಯ ಬಿಡು. ಇದು ನಿನ್ನ ವಿಡಿಯೊಕ್ಕೆ ಬಂದ ಮೆಚ್ಚುಗೆ. ಎಷ್ಟು ನಿಮಿಷದ ಭಾಷಣ ಅದು?"

"ಹನ್ನೊಂದು."

"ಹಾಕಿದ ಮೊದಲ್ನೇ ನಿಮಿಷಕ್ಕೇ ಅರವತ್ತು ಜನ ಮೆಚ್ಚಿದಾರೆ. ನೀನಿನ್ನೂ 'ಮಾನ್ಯ ತೀರ್ಪುಗಾರರೇ' ಅಂತಿದ್ಯಲೆ."

ಕೆಳಗಿನಿಂದ ಮಿಕ್ಸಿ ಒಂದು ಕಿರುಚಿತು. ನನಗೆ ನಗು ಬಂತು, ಅವರಿಗೂ ಬಂತು. ಮರುದಿನದಿಂದ ಕಾಲೇಜು ಬಿಟ್ಟ ಮೇಲೆ ಆ ಕೋಣೆಗೆ ಹೋಗತೊಡಗಿದೆ. ನನಗೆ 'ವಕೀಲಮ್ಮ' ಎಂದು ಹೆಸರಿಟ್ಟರು.

ಲೈನ್‌ಮನ್ ಒಬ್ಬರು ಈ ಕೆಲಸಕ್ಕೆ ಬಂದ ಬಗೆಯನ್ನು ಅವರೇ ಹೇಳಿದ್ದರು. ಕಂಬದಿಂದ ಬಿದ್ದು ಸೊಂಟ ಕೆಟ್ಟ ಮೇಲೆ ಅವರನ್ನು ಸಬ್‌ಸ್ಟೇಷನ್ನಿನಲ್ಲಿ ಕೂರಿಸಿದರು. ಗಂಟೆಗೊಮ್ಮೆ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಬರೆಯುವ ಕೆಲಸ. ಬೇಸರಕ್ಕೆ ಆ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದರಂತೆ. "ಊರೇ ಕಂಡೋಯ್ತು ಕಣೆ. ಬೆಳಗ್ಗೆ ಆರಕ್ಕೆ ಗೆರೆ ಏಳ್ತದೆ, ಮಿಕ್ಸಿ. ಸಂಜೆ ಏಳಕ್ಕೆ, ಟಿವಿ. ಕ್ರಿಕೆಟ್ ಮುಗೀತಿದ್ದಂಗೆ ದೊಪ್ಪಂತ ಬೀಳ್ತದೆ. ಯಾರ್ದೋ ಮನೆ ಕಿಟಕೀಲಿ ಇಣುಕಿದಂಗಾಗಿ ನಂಗೇ ಒಂಥರ ಆಗ್ತಿತ್ತು." ಆಮೇಲೆ ಕಂಪ್ಯೂಟರ್ ಬಂತು, ವಿಡಿಯೊ ನೋಡಿ ಪ್ರೋಗ್ರಾಂ ಬರೆಯಲು ಕಲಿತರು. ಸ್ವಯಂನಿವೃತ್ತಿ ಪಡೆದ ಮೇಲೆ ಅದೇ ದಿನಚರಿಯಾಯಿತು.

ಸುದ್ದಿ ಯಾವುದೇ ಇರಲಿ, ಅವರ ಪ್ರಶ್ನೆ ಒಂದೇ: "ಲೈನ್ ಆಫ್ ಆಗಿದೆ ಅಂತ ಯಾರು ಹೇಳಿದ್ದು?" ಮತ್ತೊಬ್ಬರು ಆಫ್ ಆಗಿದೆ ಅಂದ ಮಾತು ನಂಬಿ ಹತ್ತಿ, ಇಳಿಯದೇ ಹೋದ ಜೊತೆಗಾರರು ಅವರಿಗಿದ್ದರು. ಅದಕ್ಕೇ ನಮ್ಮ ಕೆಲಸಕ್ಕೂ ಲೈನಿನದೇ ಒಂದು ಕಟ್ಟುಪಾಡು ತಂದಿದ್ದರು. ಕಂಬ ಹತ್ತುವ ಮುಂಚೆ ಲೈನ್‌ಮನ್ ಸಬ್‌ಸ್ಟೇಷನ್ನಿನಿಂದ ತನ್ನ ಹೆಸರು ಹೇಳಿ ಎಲ್‌ಸಿ, ಅಂದರೆ ಕರೆಂಟ್ ತೆಗೆದಿದೆ, ಹತ್ತಬಹುದು ಎಂಬ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅವನೇ ವಾಪಸ್ ಕೊಡಬೇಕು. ಬೇರೆ ಯಾರು ಫೋನ್ ಮಾಡಿದರೂ ಕರೆಂಟ್ ಬಿಡುವ ಹಾಗಿಲ್ಲ. ನಾವು ಏನೇ ಹೊರಗೆ ಬಿಡುವುದಿದ್ದರೂ ಒಬ್ಬರು ಇನ್ನೊಬ್ಬರಿಂದ ಎಲ್‌ಸಿ ತೆಗೆದುಕೊಳ್ಳಬೇಕೆಂದು ಅವರು ಹೇಳಿದರು. ನನಗದು ಆಟವಾಗಿತ್ತು.

'ಗಡಿಯಾರ' ನನ್ನ ಕಲ್ಪನೆ. ಪ್ರತಿಯೊಂದು ಖಾತೆಗೂ ಒಂದು ಚಕ್ರ. ಸುತ್ತ ಇಪ್ಪತ್ನಾಲ್ಕು ಗಂಟೆ, ಒಳಗಿನಿಂದ ಹೊರಕ್ಕೆ ವಾರದ ಏಳು ಉಂಗುರ. ಆ ಖಾತೆಯವರು ಬರೆದ ಹೊತ್ತಿನಲ್ಲೆಲ್ಲ ಒಂದು ಬೆಳಕಿನ ಚುಕ್ಕಿ. ನಿದ್ದೆಯ ಜಾಗ ಕಪ್ಪು. ರಂಗೋಲಿಯಷ್ಟು ಚೆಂದ ಬಂದಿತ್ತು. ತೀರ್ಥಪ್ಪಣ್ಣ ತುಂಬಾ ಹೊತ್ತು ನೋಡಿದರು.

"ಇದು ಬ್ಯಾಡ ಅನ್ಸ್ತದೆ."

"ಯಾಕೆ?"

"ಯಾಕೆ ಅಂತ ಹೇಳಕ್ಕೆ ಬರಲ್ಲ."

ಕಾರಣ ಹೇಳಲಾಗದವನು ಸೋತ ಹಾಗೆ, ನಾನು ಕಲಿತದ್ದು ಅಷ್ಟೇ. "ಇದರಲ್ಲಿ ಗುಟ್ಟೇನಿದೆ? ಪ್ರತಿ ಬರಹದ ಪಕ್ಕ ಗಂಟೆ, ನಿಮಿಷ ಇದ್ದೇ ಇದೆ. ಬರೆದವರೇ ಎಲ್ಲರ ಮುಂದೆ ಇಟ್ಟದ್ದು. ನಾವು ಒಟ್ಟಿಗೆ ಇಟ್ಟೆವು ಅಷ್ಟೆ."

"ಒಟ್ಟಿಗಿಡದು ಬೇರೆ ಅಲ್ವೇನೆ?"

"ಹೇಗೆ ಬೇರೆ? ಒಂದು ತಪ್ಪಲ್ಲ, ಎರಡು ತಪ್ಪಲ್ಲ, ಸಾವಿರ ಒಟ್ಟಿಗಿಟ್ಟರೆ ತಪ್ಪು ಎಲ್ಲಿಂದ ಬಂತು? ಎಷ್ಟನೆಯದಕ್ಕೆ ತಪ್ಪಾಗುತ್ತದೆ ಹೇಳಿ."

ಅವರು ತಲೆ ಕೆರೆದುಕೊಂಡರು. ಕಿಟಕಿಯ ಹೊರಗೆ ನೋಡಿದರು. "ಆತು ಮಾರಾಯ್ತಿ. ತಗ ಎಲ್‌ಸಿ."

ಜನಕ್ಕೆ ಹುಚ್ಚು ಹಿಡಿಯಿತು. ಎಲ್ಲರೂ ತಂತಮ್ಮ ಚಕ್ರ ತೆಗೆದು ತೋರಿಸಿಕೊಂಡರು. 'ನನ್ನ ಹೆಂಡತಿಗೆ ಈಗ ಗೊತ್ತಾಯಿತು ನಾನು ಅಂಗಡಿಯಲ್ಲಿ ಏನು ಮಾಡುತ್ತೇನೆಂದು' ಎಂದೊಬ್ಬರು ಬರೆದರು. ಮೂರು ದಿನ ನಾನು ನೆಲದ ಮೇಲಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಕೋಣೆಗೆ ಹೋದಾಗ ತೀರ್ಥಪ್ಪಣ್ಣ ಒಂದೇ ಒಂದು ಚಕ್ರವನ್ನು ಪರದೆ ತುಂಬ ದೊಡ್ಡದು ಮಾಡಿಕೊಂಡು ಕೂತಿದ್ದರು. ಟೀ ಆರಿ ಕೆನೆಗಟ್ಟಿತ್ತು.

"ಯಾರದು?"

"ಹೊಳೆಬದಿ."

'ಹೊಳೆಬದಿ' ಎಂಬ ಹೆಸರಿನಲ್ಲಿ ಯಾರೋ ವರ್ಷದಿಂದ ಮರಳುಗಳ್ಳರ ಚಿತ್ರ ಹಾಕುತ್ತಿದ್ದರು. ಹೊಳೆಗೆ ಇಳಿದ ಯಂತ್ರ, ಟಾರ್ಪಾಲು ಮುಚ್ಚಿದ ಲಾರಿ, ಕುಸಿದ ದಡ. ಆ ಚಿತ್ರಗಳಿಂದ ಎರಡು ಲಾರಿ ಸಿಕ್ಕಿಬಿದ್ದಿದ್ದವು. ಅದು ಯಾರು, ಯಾವ ಊರು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಅವರು ಬರೆಯಬಹುದಾಗಿತ್ತು.

ತೀರ್ಥಪ್ಪಣ್ಣ ಬೆರಳಿಟ್ಟು ತೋರಿಸಿದರು. ವಾರದ ದಿನಗಳಲ್ಲಿ ಚುಕ್ಕಿಗಳು ಗೊಂಚಲು ಗೊಂಚಲಾಗಿ ಕೂತಿದ್ದವು: ಹನ್ನೊಂದೂಕಾಲರ ಸುತ್ತ ಹತ್ತು ನಿಮಿಷ, ಮಧ್ಯಾಹ್ನ ಊಟದ ಹೊತ್ತು, ನಾಲ್ಕೂವರೆಯ ನಂತರ. "ಇದು ಬೆಲ್ಲು. ಶಾಲೆ ಬೆಲ್ಲು." ಬೆರಳು ಬುಧವಾರದ ಉಂಗುರಕ್ಕೆ ಬಂತು. ಅಲ್ಲಿ ಹತ್ತರಿಂದ ಐದರವರೆಗೆ ಏನೂ ಇರಲಿಲ್ಲ. "ಹೊಸನಗ್ರದ ಆಚೆ ಒಂದು ಲೈನಿದೆ. ಬುಧವಾರ ರಿಪೇರಿಗೆ ತೆಗೀತಾರೆ. ಅಲ್ಲಿ ಕರೆಂಟ್ ಹೋದ್ರೆ ಟವರೂ ಮಲಗ್ತದೆ. ಆ ಲೈನಲ್ಲಿ ಏಳು ಊರು. ಹೊಳೆ ಪಕ್ಕ ಹೈಸ್ಕೂಲ್ ಇರೋ ಊರು ಒಂದೇಯ. ಮೂರು ಜನ ಟೀಚರು." ಅವರು ಕೈ ತೆಗೆದರು. "ಕೂತಲ್ಲೇ ಸಿಕ್ತು ಕಣೆ ನಂಗೆ. ಹತ್ತು ನಿಮಿಷ ಆಗಲಿಲ್ಲ."

"ನೀವು ಆ ಲೈನಿನಲ್ಲಿ ಕೆಲಸ ಮಾಡಿದವರು. ಬೇರೆಯವರಿಗೆ ಹೇಗೆ ಗೊತ್ತಾಗುತ್ತದೆ?" ಅಂದೆ. ಮಾತು ಮುಗಿಯುವ ಮೊದಲೇ ಅವರು ಇನ್ನೊಂದು ಪುಟ ತೆರೆದರು. ಹೊಳೆಬದಿಯ ಚಕ್ರದ ಕೆಳಗೆ ಯಾರೋ ಪತ್ರಿಕೆಯ ತುಣುಕೊಂದನ್ನು ಅಂಟಿಸಿದ್ದರು. 'ಬುಧವಾರ ವಿದ್ಯುತ್ ವ್ಯತ್ಯಯ', ಅದರ ಕೆಳಗೆ ಏಳು ಊರಿನ ಹೆಸರು. ಬೇರೆ ಒಂದಕ್ಷರವಿಲ್ಲ. ಹಿಂದಿನ ಸಂಜೆಯೇ ಹಾಕಿದ್ದು.

ಗಡಿಯಾರವನ್ನು ಆ ಕ್ಷಣ ಅಳಿಸಿದೆ. ಅಳಿಸುವಾಗಲೇ ಗೊತ್ತಿತ್ತು, ಚಕ್ರದ ಫೋಟೊಗಳು ಎಷ್ಟೋ ಫೋನುಗಳಲ್ಲಿ ಕೂತಾಗಿವೆ ಎಂದು. ಪೊಲೀಸರಿಗೆ ಹೇಳೋಣ ಅಂದೆ.

"ಎಂತ ಅಂತ ಹೇಳ್ತ್ಯಾ? ಯಾರಿಗೆ ಅಪಾಯ ಅಂತ ಕೇಳ್ತಾರೆ. ಹೆಸ್ರು ಬರಕಳಕ್ಕೆ ಬೇಕು ಅವ್ರಿಗೆ. ನಾವು ಹುಡುಕಿ ಹೆಸ್ರು ಕೊಟ್ರೆ, ಆ ತುಣುಕು ಹಾಕಿದೋನ ಕೆಲ್ಸ ನಾವೇ ಮುಗಿಸಿದಂಗಾತು."

ಹಳೆಯ ಖಾಕಿ ಅಂಗಿ ಹಾಕಿಕೊಂಡರು. ಖಾಕಿ ತೊಟ್ಟ ಲೈನ್‌ಮನ್ ಯಾವ ಅಂಗಳಕ್ಕೆ ಹೋದರೂ ಯಾಕೆ ಬಂದೆ ಎಂದು ಕೇಳುವವರಿಲ್ಲ. ಹೊಸನಗರಕ್ಕೆ ಒಂದು ಬಸ್, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ನಾನು ಬಸ್ಸು ಹತ್ತಿದ ಪ್ರತಿಯೊಬ್ಬ ಗಂಡಸನ್ನೂ ನೋಡುತ್ತಿದ್ದೆ: ಇವನಾ, ಆ ತುಣುಕು ಹಾಕಿದವನು?

ಶಾಲೆಯಲ್ಲಿ ಊಟದ ಬಿಡುವು. ಶಿಕ್ಷಕರ ಕೋಣೆಯಲ್ಲಿ ಇಬ್ಬರು ಮೇಡಂ, ಒಬ್ಬರು ಮೇಷ್ಟ್ರು, ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ತೀರ್ಥಪ್ಪಣ್ಣ ಬಾಗಿಲು ಹಾಕಿ ನಿಂತೇ ಹೇಳಿದರು.

"ನಾನು ಸಾಗರದೋನು. ನಾಲ್ಮಂದೀಲಿ ಹೊಳೆಬದಿ ಅಂತ ಬರಿಯೋರು ಈ ಶಾಲೆಯೋರು ಅಂತ ಗೊತ್ತಾಗೋ ಹಂಗೆ ಒಂದು ಚಿತ್ರ ಮಾಡಿ ಹೊರಗೆ ಬಿಟ್ಟಿದ್ದು ನಾವು. ತಪ್ಪಾಗಿದೆ. ನಿಮ್ಮಲ್ಲಿ ಯಾರು ಅಂತ ನಂಗೆ ಬ್ಯಾಡ, ಹೇಳಲೂಬ್ಯಾಡಿ. ಮೂರೂ ಜನಕ್ಕೂ ಹೇಳ್ತಿದೀನಿ. ಯಾರೇ ಆಗ್ಲಿ, ಫೋನಲ್ಲಿರ ಚಿತ್ರ ಎಲ್ಲ ಇವತ್ತೇ ತೆಗೆದುಬಿಡಿ. ಒಬ್ಬೊಬ್ರೇ ಮನೆಗೆ ಹೋಗ್ಬ್ಯಾಡಿ."

"ಎಂತ ಹೊಳೆಬದಿ? ನಮಗೆ ಅದೆಲ್ಲ ಗೊತ್ತಿಲ್ಲ," ಎಂದರು ಮೇಷ್ಟ್ರು. ಹಿರಿಯ ಮೇಡಂ ಡಬ್ಬಿ ಮುಚ್ಚಿದರು. ಕಿರಿಯವರು ನೀರು ಕುಡಿದರು. ನಾನು ಮೂರೂ ಮುಖ ನೋಡಿದೆ. ಮೂರೂ ಹೆದರಿದ್ದವು.

ಹೊರಗೆ ಬಂದರೆ ಗೇಟಿನೆದುರು ಒಂದು ಪಿಕಪ್ ವಾಹನ ನಿಂತಿತ್ತು. ನಾವು ಒಳಗೆ ಹೋಗುವಾಗ ಇರಲಿಲ್ಲ. ಬಾಗಿಲಿಗೆ ಒರಗಿದ್ದವನು ತೀರ್ಥಪ್ಪಣ್ಣನನ್ನು ನೋಡಿ ನಕ್ಕ.

"ಎಂತ ಲೈನ್‌ಮನ್ರೇ, ಶಾಲೆಗೆ ಕರೆಂಟಿಲ್ವಾ?"

"ಮೀಟ್ರು ನೋಡಕ್ಕೆ ಬಂದಿದ್ದು."

"ಇವ್ಳು?"

"ತಮ್ಮನ ಮಗಳು."

"ಹೌದಾ ತಂಗಿ? ಒಳಗೆ ಹೋಗಿದ್ಯಲ, ಯಾವ ಟೀಚರ ಹತ್ರ ಒಳ್ಳೇ ಕ್ಯಾಮೆರಾ ಫೋನಿದೆ, ಕಂಡ್ಯಾ? ನಂಗೂ ಒಂದು ತಗಬೇಕಿತ್ತು."

ಗಾಡಿಯೊಳಗಿದ್ದ ಇನ್ನೊಬ್ಬ ನಗಲಿಲ್ಲ. ಎಷ್ಟೋ ವೇದಿಕೆಗಳಲ್ಲಿ ಗಂಟೆ ಬಾರಿಸುವವರೆಗೂ ಮಾತಾಡಿದ ನನ್ನ ಬಾಯಿಂದ ಒಂದು ಸ್ವರ ಬರಲಿಲ್ಲ. ತಲೆ ಅಲ್ಲಾಡಿಸಿದೆ. ತೀರ್ಥಪ್ಪಣ್ಣ ನನ್ನ ಮೊಣಕೈ ಹಿಡಿದು ಬಸ್‌ಸ್ಟಾಪಿನವರೆಗೆ ನಡೆಸಿಕೊಂಡು ಬಂದರು. ಬೆನ್ನಿಗೆ ಆ ಇಬ್ಬರ ಕಣ್ಣು ನೆಟ್ಟಿದ್ದು ಬಟ್ಟೆಯ ಮೇಲಿಂದಲೇ ತಿಳಿಯುತ್ತಿತ್ತು.

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಟೀ ತೆಗೆದುಕೊಂಡು ಕೂತೆವು. ಅವರು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಬಗ್ಗಿ ನೋಡಿದೆ. 'ಹೊಳೆಬದಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನು ನಾನೇ. ಹೊಸನಗರದ ಆಚೆ ನನ್ನ ತಂಗಿಯ ಮನೆಯಿದೆ. ಅಲ್ಲಿದ್ದಾಗ ತೆಗೆದ ಚಿತ್ರಗಳು. ತೀರ್ಥಪ್ಪ, ನಿವೃತ್ತ ಲೈನ್‌ಮನ್, ಕೆಳದಿ ರಸ್ತೆ, ಸಾಗರ.'

"ಇದು ಸುಳ್ಳು," ಅಂದೆ.

"ಹೌದು."

"ಇದನ್ನು ಹಾಕಿದರೆ ಅವರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಚಿತ್ರ ಮಾಡಿದವಳು ನಾನು. ಹಾಕುವುದಿದ್ದರೆ ನನ್ನ ಹೆಸರು ಹಾಕಿ."

"ಎಲ್‌ಸಿ ಕೊಟ್ಟಿದ್ದು ಯಾರು?"

"ನಾನು ವಾದ ಮಾಡಿ ತೆಗೆದುಕೊಂಡದ್ದು."

"ಅದೇ ಹೇಳ್ತಿರದು. ಮಾತಲ್ಲಿ ಸೋತೆ ಅಂತ ಕೊಟ್ಟೆ ಕಣೆ. ಸರಿ ಅಂತ ಕೊಡ್ಲಿಲ್ಲ. ನಿಂಗೆ ಗೊತ್ತಿರ್ಲಿಲ್ಲ, ನಂಗೆ ಎದೆಯೊಳಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೋನು ದೊಡ್ಡ ತಪ್ಪುಗಾರ." ಟೀ ಮುಗಿಸಿ ಲೋಟ ಕೆಳಗಿಟ್ಟು, ಫೋನಿನಲ್ಲಿ 'ಕಳಿಸು' ಒತ್ತಿಬಿಟ್ಟರು.

ಅವತ್ತು ಸಂಜೆಯೊಳಗೆ ಅದು ತಾಣದ ಎಲ್ಲಕ್ಕಿಂತ ಮೇಲಿನ ಸುದ್ದಿಯಾಯಿತು. 'ಧೀರ ಲೈನ್‌ಮನ್' ಎಂದು ಹೊಗಳಿದರು. ಯಾರೂ ಏನೂ ಪರೀಕ್ಷಿಸಲಿಲ್ಲ. ಒಬ್ಬರ ಹೊರತಾಗಿ.

ಮರುದಿನ ಆ ಒಬ್ಬರು ಉದ್ದನೆಯ ಟಿಪ್ಪಣಿ ಬರೆದರು. ಬೈಗುಳವಿಲ್ಲ, ಅಬ್ಬರವಿಲ್ಲ. 'ಬುಧವಾರ ಟವರಿಲ್ಲದೆ ಹೊಳೆಬದಿ ಮೌನವಾಗಿರುವ ಹೊತ್ತಿನಲ್ಲೇ ತೀರ್ಥಪ್ಪ ಅವರು ತಮ್ಮ ಸ್ವಂತ ಖಾತೆಯಿಂದ ಉತ್ತರ ಬರೆದಿದ್ದಾರೆ. ಇಬ್ಬರೂ ಒಬ್ಬರೇ ಆಗಿರಲು ಸಾಧ್ಯವಿಲ್ಲ. ಇವರು ಯಾರನ್ನೋ ಕಾಪಾಡುತ್ತಿದ್ದಾರೆ.' ಪ್ರತಿಯೊಂದು ಮಾತೂ ನಿಜ. ನಾನು ಬರೆದಿದ್ದರೂ ಹೀಗೇ ಬರೆಯುತ್ತಿದ್ದೆ. ಇದು ಮೇಲೇರಿದರೆ ಪಿಕಪ್ ಮತ್ತೆ ಶಾಲೆಯ ಗೇಟಿಗೆ ಹೋಗುತ್ತದೆ.

ಉತ್ತರ ಕೊಟ್ಟೆ. 'ಆ ಖಾತೆಯಿಂದ ಉಪಕರಣಗಳ ಬಗ್ಗೆ ಉತ್ತರಿಸುತ್ತಿದ್ದುದು ನಾನು, ಸಾಗರದಲ್ಲಿ ಕೂತು. ತೀರ್ಥಪ್ಪಣ್ಣ ತಂಗಿಯ ಮನೆಯಲ್ಲಿರುತ್ತಿದ್ದ ದಿನ ಅದು ನನ್ನ ಕೆಲಸ. ಬೇಕಿದ್ದರೆ ಎರಡೂ ಬಗೆಯ ಉತ್ತರಗಳ ವಾಕ್ಯರಚನೆಯನ್ನು ಹೋಲಿಸಿ ನೋಡಿ.' ಹೋಲಿಸುವುದಕ್ಕೆ ಏನೂ ಇರಲಿಲ್ಲ. ಆದರೆ ಹೋಲಿಸಿ ಎಂದು ಸವಾಲು ಹಾಕಿದರೆ ಯಾರೂ ಹೋಲಿಸುವುದಿಲ್ಲ ಎಂಬುದು ವೇದಿಕೆಯ ಮೇಲೆ ನಿಂತವರಿಗೆಲ್ಲ ಗೊತ್ತು. ಕೆಳಗೆ ನನ್ನ ನಿಜ ಹೆಸರು ಹಾಕಿದೆ. ಎರಡು ಗಂಟೆಯ ನಂತರ ಆ ವ್ಯಕ್ತಿ 'ಒಪ್ಪಿದೆ, ಕ್ಷಮಿಸಿ' ಎಂದು ಬರೆದು ತಮ್ಮ ಟಿಪ್ಪಣಿಯನ್ನು ತೆಗೆದುಬಿಟ್ಟರು. ಅಷ್ಟು ಜನರಲ್ಲಿ ಸರಿಯಾಗಿ ಯೋಚಿಸಿದ ಒಬ್ಬರನ್ನು ಸೋಲಿಸಿದ್ದೆ. ನಾನು ಗೆದ್ದ ವಾದಗಳಲ್ಲಿ ಅಷ್ಟು ಹೆದರಿಕೊಂಡು ಗೆದ್ದದ್ದು ಬೇರೆಯಿಲ್ಲ.

ಆ ವಾರ ಕೆಳಗಿನ ಮಿಕ್ಸಿ ಅಂಗಡಿಗೆ ಇಬ್ಬರು ಬಂದು, ಯಾವುದನ್ನೂ ರಿಪೇರಿಗೆ ಕೊಡದೆ, ಮೇಲಿರುವವರು ಎಷ್ಟು ಹೊತ್ತಿಗೆ ಬರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂದು ಕೇಳಿಹೋದರು. ಮುಂದಿನ ವಾರ ಕೋಣೆಗೆ ಬೀಗ ಬಿತ್ತು. ತೀರ್ಥಪ್ಪಣ್ಣನ ಫೋನ್ ಆಫ್. ಹೊಳೆಬದಿ ಮತ್ತೆ ಬರೆಯಲಿಲ್ಲ.

ಇದನ್ನೆಲ್ಲ ಈಗ ಹೇಗೆ ಬರೆಯುತ್ತೀಯ ಎಂದು ಕೇಳಬಹುದು, ಕೇಳಲೇಬೇಕು. ಆ ಶಿಕ್ಷಕರೆಲ್ಲ ಬೇರೆ ಬೇರೆ ದಿಕ್ಕಿಗೆ ವರ್ಗವಾಗಿ ಹೋಗಿದ್ದಾರೆ. ನಿಜಕ್ಕೂ ಆ ಶಾಲೆಯಲ್ಲಿದ್ದವರು ಮೂವರಲ್ಲ. ಬುಧವಾರ ಎಂದು ಬರೆದಿದ್ದೇನಲ್ಲ, ಅದು ಬುಧವಾರವೂ ಅಲ್ಲ. ಗಂಟೆಗಳನ್ನೂ ಬದಲಿಸಿದ್ದೇನೆ, ತೀರ್ಥಪ್ಪಣ್ಣನ ಹೆಸರನ್ನೂ. ಇಷ್ಟು ಮಾಡಿಯೂ ಬರೆದದ್ದನ್ನು ನಾಲ್ಕು ಸಲ ಓದಿದೆ, ಇದನ್ನು ಒಟ್ಟಿಗಿಟ್ಟು ನೋಡುವವರ ಕಣ್ಣಿನಿಂದ.

ಕೊನೆಯ ಭೇಟಿ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ. ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡಿ ಹನ್ನೊಂದಕ್ಕೆ ಬಾ ಎಂದಿದ್ದರು. ಜನ ಗಿಜಿಗುಡುತ್ತಿದ್ದ ಹೊತ್ತು. ಅದಕ್ಕೇ ಆ ಹೊತ್ತು. ಮೀಸೆ ತೆಗೆದಿದ್ದರು. ಎಡಗೈ ಮೊಣಕೈಯವರೆಗೆ ಬ್ಯಾಂಡೇಜು.

"ಏನಾಯಿತು?"

"ಬಿದ್ದೆ."

"ಎಲ್ಲಿ?"

"ಬಿದ್ದೆ ಅಂದ್ನಲ್ಲ."

ಎರಡನೆಯ ಪ್ರಶ್ನೆಗೇ ನಾನು ನಿಲ್ಲಿಸಿದೆ. 'ಹಳೇದು' ಉಪಕರಣವನ್ನು ಇನ್ನು ನೀನೇ ನೋಡಿಕೋ ಎಂದರು. ಹೇಗೆ ನಡೆಸಬೇಕು, ಎಲ್ಲಿ ಆಗಾಗ ಕೆಡುತ್ತದೆ ಎಂದು ಕಾಲು ಗಂಟೆ ವಿವರಿಸಿದರು, ಏನೂ ಆಗಿಲ್ಲವೆಂಬಂತೆ. ಆಮೇಲೆ, "ಟಿಪ್ಪಣಿ ಬರ್ದ ಆ ಮನುಷ್ಯಂಗೆ ನೀನು ಕೊಟ್ಟ ಉತ್ತರ ಓದ್ದೆ," ಎಂದರು.

"ಹೇಗಿತ್ತು?"

"ಹೆಸ್ರು ಯಾಕೆ ಹಾಕಿದ್ಯೇ, ಹುಚ್ಚು ಹುಡ್ಗಿ. ಮನೇಲಿ ಅಪ್ಪ ಅಮ್ಮಂಗೆ ಹೇಳಿದ್ಯಾ? ಹೇಳು. ಒಬ್ಳೇ ಓಡಾಡ್ಬ್ಯಾಡ."

ಸಾಗರದ ಬಸ್ಸು ಬಂತು. "ನೀನು ಮೊದ್ಲು ಹತ್ತು," ಎಂದರು. ಹತ್ತಿ ಕಿಟಕಿಯ ಪಕ್ಕ ಕೂತೆ. ಅವರ ಸುತ್ತ ನಾಲ್ಕೈದು ಬಸ್ಸುಗಳು ಹೊರಡಲು ನಿಂತಿದ್ದವು. ಯಾವುದನ್ನು ಹತ್ತುತ್ತಾರೆಂದು ನೋಡುವುದಕ್ಕೆ ಕುತ್ತಿಗೆ ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು. ಯಾರಾದರೂ ನನ್ನನ್ನು ಹಿಡಿದು ಕೇಳಿದರೆ ಹೇಳಿಬಿಡುವಷ್ಟು ಹೆದರಿಕೆ ನನ್ನೊಳಗಿದೆ ಎಂದು ನನಗೆ ಖಚಿತವಾಗಿತ್ತು. ಬಸ್ಸು ಊರು ದಾಟುವವರೆಗೂ ಎದುರಿನ ಸೀಟಿನ ಕಬ್ಬಿಣದ ಹಿಡಿಯನ್ನೇ ನೋಡುತ್ತ ಕೂತಿದ್ದೆ.